ಬಳ್ಳಿಯಿಂದ ಶುರುವಾಗುವ ಕಾನೂನು: ಹಿಟ್ಟೈಟರ ನಾಡಿನಲ್ಲಿ ಆರು ದಿನ

ನಮ್ಮ ಕಾಕಾ ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ಬೆಳೆಯುತ್ತಾರೆ. ನಲವತ್ತು ವರ್ಷದಿಂದ ಅದೇ ಕೆಲಸ. ಹಸಿ ಹಣ್ಣು ಮಾರುವುದು ಕಡಿಮೆ, ಶೆಡ್‌ನಲ್ಲಿ ಒಣಗಿಸಿ ಮಣೂಕ ಮಾಡುವುದೇ ಜಾಸ್ತಿ. ಹೋದ ವರ್ಷ ಊರಿಗೆ ಹೋಗಿದ್ದಾಗ ಪಡದ (ದ್ರಾಕ್ಷಿ ತೋಟದ) ಕಟ್ಟೆ ಮೇಲೆ ಕೂತು ಅವರಿಗೆ ಒಂದು ಹಳೆಯ ಕಾನೂನು ಓದಿ ಹೇಳಿದೆ. ಸುಮಾರು 3,500 ವರ್ಷದ ಹಿಂದೆ, ಈಗಿನ ಟರ್ಕಿಯ ನಡುನಾಡಿನಲ್ಲಿ ಆಳಿದ ಹಿಟ್ಟೈಟರು ಹಸಿ ಮಣ್ಣಿನ ಹಲಗೆಗಳ ಮೇಲೆ ಬರೆಸಿದ ಕಾನೂನು ಅದು.

ಯಾರಾದರೂ ಇನ್ನೊಬ್ಬರ ದ್ರಾಕ್ಷಿ ಬಳ್ಳಿ ಕಡಿದು ಹಾಕಿದರೆ ಏನು ಮಾಡಬೇಕು? ಕಡಿದವನು ತನ್ನ ಒಂದು ಒಳ್ಳೆಯ ಬಳ್ಳಿಯನ್ನು ಬಿಟ್ಟುಕೊಡಬೇಕು. ನಷ್ಟವಾದವನ ಬಳ್ಳಿ ಚೇತರಿಸಿಕೊಳ್ಳುವವರೆಗೆ ಆ ಬಳ್ಳಿಯ ಹಣ್ಣು ಅವನದು.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, “ಕಡದ ಬಳ್ಳಿ ಬುಡದಿಂದ ಮತ್ತ ಚಿಗರ್ತದ ಅಂತ ಗೊತ್ತಿದ್ದಾವನ ಇದನ್ನ ಬರದಾನ. ಆ ಊರು ಒಮ್ಮೆ ನೋಡಬೇಕಲ್ಲೋ ತಮ್ಮಾ.”

ಅಷ್ಟೇ. ಕಾಕಾ ಪಾಸ್‌ಪೋರ್ಟ್ ಮಾಡಿಸಿದರು. ಸೆಪ್ಟೆಂಬರ್ ಎರಡನೇ ವಾರ ಹೊರಟೆವು. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಶುರುವಾಗುವ ಮೊದಲು ವಾಪಸ್ ಇರಬೇಕು ಅನ್ನೋದು ಅವರ ಒಂದೇ ಷರತ್ತು.

ಮೊದಲ ದಿನ: ಅಂಕಾರಾ

ಬೆಳಿಗ್ಗೆ ಹೋಟೆಲಿನಲ್ಲಿ ಚಹಾ ಕುಡಿದು ನೇರ ಅನಟೋಲಿಯನ್ ನಾಗರಿಕತೆಗಳ ಮ್ಯೂಸಿಯಂಗೆ ಹೋದೆವು. ಕೋಟೆ ಗುಡ್ಡದ ಇಳಿಜಾರಿನಲ್ಲಿದೆ. ಒಟ್ಟೋಮನ್ ಕಾಲದ ಹಳೆಯ ಬಜಾರು ಈಗ ಮ್ಯೂಸಿಯಂ ಆಗಿದೆ. ಒಳಗೆ ತಂಪು.

ನಾನು ನೋಡಬೇಕೆಂದು ಹೊರಟಿದ್ದು ಇನಾಂದಿಕ್ ಹೂಜಿ. 82 ಸೆಂಟಿಮೀಟರ್ ಎತ್ತರ, ಕೆಂಪು ಮಣ್ಣಿನದು. ಚಾಂಕರೀ ಜಿಲ್ಲೆಯ ಇನಾಂದಿಕ್ ಎಂಬಲ್ಲಿ 1960ರ ದಶಕದಲ್ಲಿ ಸಿಕ್ಕಿತು. ಮೈ ಸುತ್ತ ನಾಲ್ಕು ಪಟ್ಟಿಗಳಲ್ಲಿ ಉಬ್ಬು ಚಿತ್ರಗಳಿವೆ. ಕೆಳಗಿನ ಪಟ್ಟಿಯಲ್ಲಿ ಅಡುಗೆ, ದೊಡ್ಡ ದೊಡ್ಡ ಗಡಿಗೆ. ಮೇಲೆ ಹೋದಂತೆ ವಾದ್ಯದವರು, ಗೂಳಿ ಬಲಿ, ಮದುವೆಯಂಥ ಒಂದು ದೃಶ್ಯ. ಪುಸ್ತಕದಲ್ಲೆಲ್ಲ ಈ ಚಿತ್ರಗಳ ಬಗ್ಗೆಯೇ ಬರೆಯುತ್ತಾರೆ. ಆದರೆ ಎದುರಿಗೆ ನಿಂತಾಗ ನನ್ನ ಕಣ್ಣು ಹೋಗಿದ್ದು ಬಾಯಿಯ ಅಂಚಿಗೆ. ಆ ಅಂಚು ಗಟ್ಟಿಯಲ್ಲ, ಒಳಗೆ ಪೊಳ್ಳು, ಕೊಳವೆಯ ಹಾಗೆ. ಒಂದು ಕಡೆ ಸಣ್ಣ ತೊಟ್ಟಿಯಂಥ ಬಾಯಿ. ಅಲ್ಲಿ ಸುರಿದದ್ದು ಅಂಚಿನೊಳಗೇ ಹರಿದು, ಒಳಮುಖವಾಗಿ ಕೂರಿಸಿದ ಗೂಳಿ ತಲೆಯ ಬಾಯಿಂದ ಹೂಜಿಗೆ ಬೀಳುತ್ತದೆ. ಗೂಳಿ ಎಂದರೆ ಹಿಟ್ಟೈಟರಿಗೆ ಮಳೆ ಗುಡುಗಿನ ದೇವರ ಪ್ರಾಣಿ. ಅಂದರೆ ಹೂಜಿ ತುಂಬಿಸುವ ಕೆಲಸವೇ ಒಂದು ಪೂಜೆ. ನಾವು ಸುರಿಯುತ್ತೇವೆ, ಕೊಡುವುದು ಮಾತ್ರ ದೇವರ ಬಾಯಿಂದ.

ಕಾಕಾ ಗಾಜಿನ ಪೆಟ್ಟಿಗೆಯ ಸುತ್ತ ಮೂರು ಸಲ ತಿರುಗಿದರು. “ಗುಡಿಯಾಗ ಗೋಮುಖದಿಂದ ತೀರ್ಥ ಬರ್ತದಲ್ಲ, ಹಂಗ,” ಅಂದರು. ನನಗೆ ಅದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಪಕ್ಕದಲ್ಲಿ ಕೊಕ್ಕಿನಂಥ ಉದ್ದ ಬಾಯಿಯ ಹೂಜಿಗಳ ಸಾಲು. ಉಜ್ಜಿ ಉಜ್ಜಿ ಹೊಳಪು ತಂದ ಕೆಂಪು ಮೈ, ತಾಮ್ರದ ಪಾತ್ರೆಯೇನೋ ಅನ್ನಿಸುತ್ತದೆ. ಅವರ ರಾಜಧಾನಿ ಹತ್ತುಸಾದಲ್ಲಿ ಸಿಕ್ಕಿದ ಎರಡು ಮಣ್ಣಿನ ಗೂಳಿಗಳೂ ಇಲ್ಲಿವೆ. ಅವೂ ಪಾನ ಅರ್ಪಿಸುವ ಪಾತ್ರೆಗಳೇ.

ಎರಡನೇ ದಿನ: ಬೋಗಾಜ್‌ಕಲೆ, ಯಾಜಿಲಿಕಾಯಾ

ಬಾಡಿಗೆ ಕಾರು ತೆಗೆದುಕೊಂಡು ಪೂರ್ವಕ್ಕೆ, ಹತ್ತುಸಾದ ಪಾಳು ಇರುವ ಬೋಗಾಜ್‌ಕಲೆ ಊರಿಗೆ ಹೊರಟೆವು. ಸುಮಾರು 200 ಕಿಲೋಮೀಟರ್. ಸುಂಗುರ್ಲು ದಾಟಿದ ಮೇಲೆ ಬೋಳು ಗುಡ್ಡಗಳು, ಕೊಯ್ಲಾದ ಗೋಧಿ ಹೊಲ. ನಮ್ಮ ಡೋಣಿ ಹೊಳೆ ಸಾಲಿನ ಬೇಸಿಗೆ ನೆನಪಾಗುವ ಬಣ್ಣ.

ದಾರಿಯಲ್ಲಿ ಕಾಕಾಗೆ ಒಂದು ವಿಷಯ ಹೇಳಿದೆ. ಹಿಟ್ಟೈಟರ ಕಾನೂನಿನಲ್ಲಿ ಸುಮಾರು 200 ಕಲಮುಗಳಿವೆ. ಎರಡು ಕಂತೆ. ಅವರು ಪುಸ್ತಕಕ್ಕೆ ಬೇರೆ ಹೆಸರಿಡುತ್ತಿರಲಿಲ್ಲ, ಮೊದಲ ಪದಗಳೇ ಹೆಸರು. ಮೊದಲ ಕಂತೆ ‘ಮನುಷ್ಯನಾದರೆ’. ಎರಡನೆಯದು ‘ದ್ರಾಕ್ಷಿ ಬಳ್ಳಿಯಾದರೆ’. ಯಾಕೆಂದರೆ ಎರಡನೆಯದರ ಮೊದಲ ಕಲಮು ಬಳ್ಳಿ ಕದ್ದವನ ಬಗ್ಗೆ. ಹಿಂದೆ ಒಂದು ಬಳ್ಳಿಗೆ ಒಂದು ಶೆಕೆಲ್ ಬೆಳ್ಳಿ ದಂಡ ಇತ್ತು. ಶೆಕೆಲ್ ಅಂದರೆ ಆ ಕಾಲದ ತೂಕದ ಅಳತೆ. ಆಮೇಲೆ ಅದನ್ನು 6 ಶೆಕೆಲ್‌ಗೆ ಏರಿಸಿದರು.

“ಮನುಷ್ಯಾ ಆದ ಮ್ಯಾಲ ಬಳ್ಳಿನ?” ಕಾಕಾ ಕೇಳಿದರು.

ಹೌದು. ಮನುಷ್ಯ ಆದ ಮೇಲೆ ಬಳ್ಳಿ.

ಉಳಿದದ್ದನ್ನೂ ಹೇಳಿದೆ. ಬೆಂಕಿ ಹಚ್ಚಿ ಅದು ಪಕ್ಕದವನ ತೋಟಕ್ಕೆ ಹಬ್ಬಿ ಬಳ್ಳಿ ಸುಟ್ಟರೆ, ಒಂದೊಂದು ಬಳ್ಳಿಗೂ 6 ಶೆಕೆಲ್ ಕೊಡಬೇಕು, ಮತ್ತೆ ನೆಟ್ಟೂ ಕೊಡಬೇಕು. ಕುರಿ ನುಗ್ಗಿಸಿ ಹಾಳು ಮಾಡಿದರೆ, ಹಣ್ಣಿದ್ದ ತೋಟವಾದರೆ ಒಂದು ಇಕುವಿಗೆ 10 ಶೆಕೆಲ್, ಹಣ್ಣಿಲ್ಲದಿದ್ದರೆ 3. ಇಕು ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 35 ಗುಂಟೆ. ನೀರಾವರಿ ಹೊಲದ ಬೆಲೆ ಇಕುವಿಗೆ 3 ಶೆಕೆಲ್. ದ್ರಾಕ್ಷಿ ತೋಟದ್ದು 40. ಉಳುವ ಎತ್ತಿಗೆ 12, ಕುರಿಗೆ 1.

ಕಾಕಾ ಬೆರಳು ಮಡಚಿ ಲೆಕ್ಕ ಹಾಕಿದರು. ಮೂವತ್ತೈದು ಗುಂಟೆ ಪಡಕ್ಕೆ ಮೂರು ಎತ್ತು, ಮೇಲೆ ನಾಲ್ಕು ಕುರಿ. “ಬರೋಬ್ಬರಿ ಅದ,” ಅಂದರು. “ಹೊಲ ಬರೇ ಮಣ್ಣು. ಪಡಾ ಅಂದ್ರ ಮಣ್ಣಿನ ಮ್ಯಾಲ ವರ್ಷಗಟ್ಲೆ ಹಾಕಿದ ಕೈ ಕೆಲಸ. ಅದಕ್ಕ ರೇಟು ಜಾಸ್ತಿ.” ಹಣ್ಣು ಇದ್ದಾಗ, ಇಲ್ಲದಾಗ ಬೇರೆ ಬೇರೆ ದಂಡ ಹಾಕಿದ್ದು ಅವರಿಗೆ ಎಲ್ಲಕ್ಕಿಂತ ಹಿಡಿಸಿತು. ಬೆಳೆ ಪರಿಹಾರಕ್ಕೆ ಸುತ್ತಾಡಿದವರಿಗೆ ಅದರ ಬೆಲೆ ಗೊತ್ತು.

ಮಧ್ಯಾಹ್ನ ಯಾಜಿಲಿಕಾಯಾ ನೋಡಿದೆವು. ಬಂಡೆಗಳ ನಡುವೆ ಮೇಲೆ ಸೂರಿಲ್ಲದ ಎರಡು ಅಂಗಳ. ಗೋಡೆ ತುಂಬ ದೇವರುಗಳ ಮೆರವಣಿಗೆ. ಒಂದು ಕಡೆಯಿಂದ ಗಂಡು ದೇವರು, ಇನ್ನೊಂದು ಕಡೆಯಿಂದ ಹೆಣ್ಣು ದೇವರು, ನಡುವೆ ಮುಖಾಮುಖಿ. ಸಣ್ಣ ಅಂಗಳದಲ್ಲಿ ದೇವರೊಬ್ಬ ರಾಜ ನಾಲ್ಕನೇ ತುದ್ಹಾಲಿಯನ ಹೆಗಲ ಮೇಲೆ ಕೈ ಹಾಕಿ ತಬ್ಬಿಕೊಂಡು ನಡೆಸುತ್ತಿದ್ದಾನೆ.

ಹಿಟ್ಟೈಟರ ಹಬ್ಬದ ಹಲಗೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ರಾಜ ರಾಣಿ ಎದ್ದು ನಿಂತು ಆ ದೇವರನ್ನು ‘ಕುಡಿಯುತ್ತಾರೆ’. ದೇವರಿಗೆ ಕುಡಿಯುವುದಲ್ಲ, ದೇವರನ್ನೇ ಕುಡಿಯುವುದು. ವಿದ್ವಾಂಸರು ಇದಕ್ಕೆ ಬೇರೆ ಬೇರೆ ಅರ್ಥ ಹೇಳುತ್ತಾರೆ. ತೀರ್ಥ ತೆಗೆದುಕೊಂಡು ಬೆಳೆದ ನನಗೆ ಅದು ಇದ್ದ ಹಾಗೇ ಅರ್ಥವಾಗುತ್ತದೆ.

ಮೂರನೇ ದಿನ: ಹತ್ತುಸಾ

ಹಿಟ್ಟೈಟರ ರಾಜಧಾನಿ ಇದು. ಸುಮಾರು ಕ್ರಿ.ಪೂ. 1650ರಿಂದ ಕ್ರಿ.ಪೂ. 1180ರ ಆಸುಪಾಸಿನವರೆಗೆ ಬಾಳಿದ ಊರು. 1834ರಲ್ಲಿ ಶಾರ್ಲ್ ಟೆಕ್ಸಿಯೇ ಎಂಬ ಫ್ರೆಂಚ್ ಪ್ರವಾಸಿ ಈ ಪಾಳು ಕಂಡ. 1906ರಲ್ಲಿ ಅಗೆತ ಶುರುವಾಗಿ ಹಲಗೆಗಳು ಸಾವಿರಗಟ್ಟಲೆ ಹೊರಬಂದವು. 1915ರಲ್ಲಿ ಬೆದ್ರಿಖ್ ಹ್ರೋಜ್ನಿ ಎಂಬ ಚೆಕ್ ವಿದ್ವಾಂಸ ಭಾಷೆಯ ಬೀಗ ತೆಗೆದ. ಅವನಿಗೆ ದಾರಿ ತೋರಿಸಿದ್ದು ಊಟದ ಒಂದು ವಾಕ್ಯ: ‘ಈಗ ರೊಟ್ಟಿ ತಿನ್ನುವಿರಿ, ನೀರು ಕುಡಿಯುವಿರಿ.’ ನೀರಿಗೆ ಅವರ ಪದ ‘ವಾತರ್’.

ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರು ಬರುವ, ಮಿತನ್ನಿ ಎಂಬ ನೆರೆರಾಜ್ಯದ ಜೊತೆಗಿನ ಒಪ್ಪಂದದ ಹಲಗೆ ಸಿಕ್ಕಿದ್ದೂ ಇದೇ ಊರಿನಲ್ಲಿ. ಕಾಕಾಗೆ ಇದನ್ನು ಹೇಳಿದಾಗ ನಿಂತಲ್ಲೇ ಕೈ ಮುಗಿದರು.

ಬೆಳಿಗ್ಗೆ ಏಳೂವರೆಗೆ ದೊಡ್ಡ ಗುಡಿಯ ಅಡಿಪಾಯದ ನಡುವೆ ನಾವಿಬ್ಬರೇ ಇದ್ದೆವು. ಗಾಳಿ ಚಳಿ ಚಳಿ. ಊರು ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ, ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಗುಡಿಯ ಸುತ್ತ ಉಗ್ರಾಣದ ಉದ್ದುದ್ದ ಕೋಣೆಗಳು. ಅವುಗಳಲ್ಲಿ ನೆಲಕ್ಕೆ ಹೂತಿಟ್ಟ ಮಣ್ಣಿನ ಹರವಿಗಳ ತುಂಡು ಇನ್ನೂ ಉಳಿದಿವೆ. ನಮ್ಮ ಕಡೆ ಜೋಳ ತುಂಬುತ್ತಿದ್ದ ಹಗೇವು ಇದೆಯಲ್ಲ, ಅದಕ್ಕೇ ಮಣ್ಣಿನ ಮೈ ಕೊಟ್ಟ ಹಾಗೆ. ಅಂಚು ನನ್ನ ಅಂಗೈಯಷ್ಟು ದಪ್ಪ. ಧಾನ್ಯ, ಎಣ್ಣೆ, ವೈನ್ ಎಲ್ಲವೂ ಇಂಥವುಗಳಲ್ಲೇ ಇರುತ್ತಿತ್ತು. ಮಣ್ಣಿನಲ್ಲಿ ಹೂತರೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ವೈನ್ ಕೆಡದಂತೆ ಇಡಲು ಅದೇ ಮುಖ್ಯ.

ಅವರ ಹಲಗೆಗಳಲ್ಲಿ ವೈನ್‌ಗೆ ಎಷ್ಟು ಬಗೆ ಇವೆ ನೋಡಿ. ಕೆಂಪು ವೈನ್, ಸಿಹಿ ವೈನ್, ಹುಳಿ ವೈನ್, ಹೊಸ ವೈನ್, ಒಳ್ಳೆಯ ವೈನ್, ಶುದ್ಧ ವೈನ್. ದಿನಾ ರುಚಿ ನೋಡುವವರು ಮಾತ್ರ ಹೀಗೆ ಬಿಡಿಸಿ ಬಿಡಿಸಿ ಬರೆಯುತ್ತಾರೆ. ಹಣ್ಣು ಕೊಯ್ಯುವಾಗ ಬೇರೆಯೇ ಒಂದು ಹಬ್ಬ ಇತ್ತು. ಸೈನ್ಯದ ಬಹಳ ದೊಡ್ಡ ಅಧಿಕಾರಿಯೊಬ್ಬನ ಬಿರುದು ‘ವೈನ್ ಮುಖ್ಯಸ್ಥ’. ರಾಜ ಎರಡನೇ ಮುರ್ಸಿಲಿಯ ದಂಡನಾಯಕ ನುವಾಂಜಾನಿಗೆ ಇದ್ದ ಬಿರುದು ಅದೇ. ಮೊದಮೊದಲು ಅರಮನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದ ನಂಬಿಕಸ್ತನ ಹೆಸರು ಸೇನಾಪತಿಗೆ ಅಂಟಿಕೊಂಡಿರಬೇಕು ಅಂತ ನನಗೆ ಅನ್ನಿಸುತ್ತದೆ. ರಾಜನ ಬಟ್ಟಲು ಯಾರ ಕೈಯಲ್ಲಿರುತ್ತದೋ, ರಾಜನ ಜೀವ ಅವನ ಕೈಯಲ್ಲೇ ಅಲ್ವಾ?

ಇನ್ನೊಂದು ಪದ ನನಗೆ ತುಂಬ ಇಷ್ಟ. ದ್ರಾಕ್ಷಿಗೆ, ವೈನ್‌ಗೆ ಅವರ ಮಾತು ‘ವಿಯಾನ’. ‘ವೈನ್’ ಕೂಡ ಅದೇ ಬಳಗದ್ದು. ಟರ್ಕಿಯ ನೈಋತ್ಯದಲ್ಲಿ ವಿಯಾನವಂದ ಎಂಬ ಊರಿತ್ತು, ಗ್ರೀಕರ ಬಾಯಲ್ಲಿ ಅದು ಒಯ್ನೊಆಂದ ಆಯಿತು. ಕೊನೆಯ ‘ವಂದ’ ನೋಡಿ. ನಾವು ಗುಣವಂತ, ಹಣವಂತ ಅನ್ನುತ್ತೇವಲ್ಲ, ಆ ‘ವಂತ’ಕ್ಕೆ ಇದು ದೂರದ ಅಣ್ಣ. ದ್ರಾಕ್ಷಿವಂತ ಊರು!

ಮೇಲಿನ ಊರಿಗೆ ಹತ್ತಿ ಸಿಂಹದ್ವಾರ, ರಾಜದ್ವಾರ ನೋಡಿ ಯೆರ್‌ಕಾಪಿಯ ಸುರಂಗ ಹೊಕ್ಕೆವು. ಕೋಟೆಯ ದಿಬ್ಬದ ಅಡಿಯಲ್ಲಿ 71 ಮೀಟರ್ ಉದ್ದ, ಒಂದರ ಮೇಲೊಂದು ವಾಲಿಸಿದ ಕಲ್ಲು. ಹೊರಬಂದು ಹುಲ್ಲಿನ ಮೇಲೆ ಕೂತಾಗ ಕಾಕಾ ರಾಜರ ಸಾವಿನ ಬಗ್ಗೆ ಕೇಳಿದರು. ಅದಕ್ಕೂ ಹಲಗೆಗಳಿವೆ. ರಾಜನೋ ರಾಣಿಯೋ ತೀರಿಕೊಂಡರೆ 14 ದಿನದ ಕರ್ಮ. ದಹನವಾದ ಮಾರನೇ ಬೆಳಿಗ್ಗೆ ಹೆಂಗಸರು ಹೋಗಿ 10 ಪಾತ್ರೆ ಬಿಯರ್, 10 ಪಾತ್ರೆ ವೈನ್, ‘ವಲ್ಹಿ’ ಎಂಬ ಇನ್ನೊಂದು ಪಾನೀಯ 10 ಪಾತ್ರೆ ಸುರಿದು ಚಿತೆ ಆರಿಸುತ್ತಾರೆ. ಮೂಳೆಗಳನ್ನು ಬೆಳ್ಳಿಯ ಚಿಮಟದಿಂದ ಹೆಕ್ಕಿ ಎಣ್ಣೆ ತುಂಬಿದ ಬೆಳ್ಳಿ ಪಾತ್ರೆಗೆ ಹಾಕುತ್ತಾರೆ. ಇಷ್ಟು ಕೇಳಿ ಕಾಕಾ ಏನೂ ಹೇಳಲಿಲ್ಲ. ಅವರ ಮನಸ್ಸಿನಲ್ಲಿ ಯಾರಿದ್ದರು ಅನ್ನೋದು ನನಗೆ ಗೊತ್ತಿತ್ತು.

ನಾಲ್ಕನೇ ದಿನ: ಚೋರುಮ್, ಅಲಾಜಾ ಹೋಯುಕ್

ಓಡಾಟದ ದಿನ. ಚೋರುಮ್ ಮ್ಯೂಸಿಯಂನಲ್ಲಿ ಹುಸೇಯಿನ್‌ದೆದೆಯ ಎರಡು ಹೂಜಿಗಳಿವೆ. ಸಣ್ಣದರಲ್ಲಿ ಗೂಳಿ ಮೇಲೆ ಲಾಗ ಹಾಕುವವರು. ದೊಡ್ಡದರ ಬಾಯಿಯೊಳಗೆ ಮತ್ತೆ ಅದೇ ಗೂಳಿ ತಲೆಗಳು. ಚೋರುಮ್ ಪುಟಾಣಿಗೆ, ಅಂದರೆ ಹುರಿಗಡಲೆಗೆ, ಹೆಸರಾದ ಊರು, ಬಿಸಿ ಬಿಸಿ ಹುರಿದು ಕೊಡುತ್ತಾರೆ. ಎರಡು ಕೆಜಿ ಕಟ್ಟಿಸಿಕೊಂಡೆವು.

ಅಲಾಜಾ ಹೋಯುಕ್‌ನ ಸ್ಫಿಂಕ್ಸ್ ಬಾಗಿಲಿಗಿಂತ ಕಾಕಾಗೆ ಹಿಡಿಸಿದ್ದು ಊರ ಪಕ್ಕದ ಗೋಲ್‌ಪಿನಾರ್ ಅಣೆ. ಯಾಜಿಲಿಕಾಯಾದಲ್ಲಿ ನೋಡಿದ ತುದ್ಹಾಲಿಯನ ಕಾಲದ್ದು, ಕ್ರಿ.ಪೂ. 1240ರ ಸುಮಾರಿನದು. ರಿಪೇರಿ ಮಾಡಿದ್ದಾರೆ, ಇವತ್ತಿಗೂ ನೀರು ನಿಲ್ಲುತ್ತದೆ. ಸಾವಿರ ಅಡಿ ಬೋರು ಕೊರೆಸಿ ಒಣ ಧೂಳು ನೋಡಿದ ಮನುಷ್ಯ, ಆ ನೀರಿನ ಅಂಚಿನಿಂದ ಬೇಗ ಏಳಲೇ ಇಲ್ಲ.

ರಾತ್ರಿ ಯೊಜ್‌ಗಾತ್ ಮೇಲಿಂದ ಕಪದೋಕ್ಯ ಸೇರಿದೆವು.

ಐದನೇ ದಿನ: ಕಪದೋಕ್ಯದ ಪಡಗಳು

ಇಲ್ಲಿನ ಬಲೂನುಗಳ ಫೋಟೋ ಎಲ್ಲರೂ ನೋಡಿರುತ್ತೀರಿ. ನಾವು ನೆಲ ನೋಡಿದೆವು.

ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಬಿಳಿ ಮಣ್ಣು, ಕೈಯಲ್ಲಿ ಹಿಡಿದರೆ ಪುಡಿಪುಡಿ. ಚಪ್ಪರ ಇಲ್ಲ, ತಂತಿ ಇಲ್ಲ. ಬಳ್ಳಿಗಳು ಮೊಣಕಾಲೆತ್ತರ, ನೆಲಕ್ಕೆ ಒರಗಿ ಪೊದೆಯ ಹಾಗೆ ಕೂತಿವೆ. ಬುಡ ಮಾತ್ರ ನನ್ನ ತೊಡೆಯಷ್ಟು. ಕಾಕಾ ಒಂದು ಬುಡದ ಮುಂದೆ ಕುಕ್ಕರಗಾಲಲ್ಲಿ ಕೂತು ಹಳೆಯ ಚಾಟ್ನಿಯ ಗಾಯಗಳನ್ನು ಬೆರಳಲ್ಲಿ ಎಣಿಸತೊಡಗಿದರು. ಪ್ರತಿ ವರ್ಷ ಕಡಿದಲ್ಲಿ ಒಂದು ಗಂಟು. ಮೂವತ್ತರ ಮೇಲೆ ಲೆಕ್ಕ ತಪ್ಪಿತು.

ಸುತ್ತಲ ಬಂಡೆಗಳಲ್ಲಿ ಎತ್ತರದಲ್ಲಿ ಚೌಕ ಚೌಕ ಕಿಂಡಿಗಳು. ಪಾರಿವಾಳದ ಮನೆಗಳವು. ಹಿಕ್ಕೆ ಕೂಡಿಹಾಕಿ ಪಡಕ್ಕೆ ಗೊಬ್ಬರ ಮಾಡುತ್ತಿದ್ದರು. ಎಮಿರ್ ಎಂಬ ಬಿಳಿ ದ್ರಾಕ್ಷಿ ಈ ಸೀಮೆಯದು, ವೈನ್‌ಗೆ ಹೋಗುತ್ತದೆ. ಆದರೆ ಟರ್ಕಿಯ ದ್ರಾಕ್ಷಿಯಲ್ಲಿ ವೈನ್ ಆಗುವುದು ಸ್ವಲ್ಪವೇ. ಉಳಿದದ್ದು ತಿನ್ನುವ ಹಣ್ಣು, ಮಣೂಕ, ಮತ್ತೆ ಪೆಕ್ಮೆಜ್.

ಪೆಕ್ಮೆಜ್ ಅಂದರೆ ದ್ರಾಕ್ಷಿ ಕಾಕಂಬಿ. ಒಂದು ಹಳ್ಳಿಯ ಅಂಗಳದಲ್ಲಿ ಮಾಡುತ್ತಿದ್ದುದು ಕಂಡು ಕಾರು ನಿಲ್ಲಿಸಿದೆವು. ತುಳಿದು ತೆಗೆದ ರಸಕ್ಕೆ ಒಂದು ಬಗೆಯ ಬಿಳಿ ಮಣ್ಣು ಬೆರೆಸುತ್ತಾರೆ, ಸುಣ್ಣದ ಅಂಶ ಇರುವುದು. ಅದು ಹುಳಿ ಎಳೆದುಕೊಂಡು ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ರಸವನ್ನು ಅಗಲ ಕಡಾಯಿಗೆ ಬಗ್ಗಿಸಿ ಕುದಿಸುತ್ತಾರೆ. ನೊರೆ ತೆಗೆಯುತ್ತ, ಸೌಟು ಎತ್ತಿ ಎತ್ತಿ ಸುರಿಯುತ್ತ ಮೂರು ನಾಲ್ಕು ಗಂಟೆ. ನಮ್ಮ ಆಲೆಮನೆಯೇ. ವಾಸನೆಯೂ ಹತ್ತಿರ ಹತ್ತಿರ ಹಾಗೇ.

ಆ ಮನೆಯ ಅಜ್ಜಿ ಕಾಕಾನನ್ನು ‘ಅಮ್ಜಾ’ ಅಂತ ಕರೆದರು. ಅಪ್ಪನ ತಮ್ಮನಿಗೆ, ಅಣ್ಣನಿಗೆ ಅವರ ಮಾತು ಅದು. ಕಾಕಾ ಅಂದರೆ ಕಾಕಾನೇ. ಕಾಕಾ ಚೀಲದಿಂದ ತಿಕೋಟಾದ ಮಣೂಕದ ಪೊಟ್ಟಣ ತೆಗೆದು ಅವರ ಕೈಗಿಟ್ಟರು. ಅಜ್ಜಿ ಒಂದು ಕಾಳು ಬೆಳಕಿಗೆ ಹಿಡಿದು, ಒತ್ತಿ, ಬಾಯಿಗೆ ಹಾಕಿಕೊಂಡು, “ಸುಲ್ತಾನಿ,” ಅಂದರು. ಸರಿಯಾಗಿ ಹೇಳಿದರು. ನಮ್ಮ ಥಾಮ್ಸನ್ ಸೀಡ್‌ಲೆಸ್‌ಗೆ ಇಲ್ಲಿನ ಹೆಸರೇ ಸುಲ್ತಾನಿ. ನಾವು ಹಣ್ಣನ್ನು ಪೊಟ್ಯಾಷ್ ಮತ್ತು ಎಣ್ಣೆಯ ನೀರಲ್ಲಿ ಅದ್ದಿ ಒಣಗಿಸುವುದು, ಏಜಿಯನ್ ಕಡಲ ಕಡೆಯವರು ಪೊಟ್ಯಾಷ್ ಮತ್ತು ಆಲಿವ್ ಎಣ್ಣೆಯಲ್ಲಿ ಅದ್ದುವುದು, ಎರಡೂ ಒಂದೇ ಕಸುಬು.

ಆಗ ತೆಲಿಪಿನುವಿನ ಕತೆ ನೆನಪಾಯಿತು. ಕಾಕಾಗೆ ಅಲ್ಲೇ ಹೇಳಿದೆ. ತೆಲಿಪಿನು ಬೆಳೆಯ ದೇವರು. ಒಂದು ದಿನ ಸಿಟ್ಟು ಮಾಡಿಕೊಂಡು ಹೊರಟುಹೋಗುತ್ತಾನೆ. ಕಿಟಕಿಗೆ ಮಂಜು ಕವಿಯುತ್ತದೆ, ಮನೆ ತುಂಬ ಹೊಗೆ. ಒಲೆಯ ಕೊರಡು ಉಸಿರುಗಟ್ಟುತ್ತದೆ. ಹಸು ಕರು ಬೇಡ ಅನ್ನುತ್ತದೆ, ಕುರಿ ಮರಿ ಬೇಡ ಅನ್ನುತ್ತದೆ. ದೊಡ್ಡ ದೇವರೆಲ್ಲ ಹುಡುಕಿ ಸೋಲುತ್ತಾರೆ. ಕೊನೆಗೆ ಒಂದು ಜೇನುಹುಳ ಅವನನ್ನು ಕಂಡುಹಿಡಿದು ಕುಟುಕಿ ಎಬ್ಬಿಸುತ್ತದೆ. ಅವನನ್ನು ಸಮಾಧಾನ ಮಾಡುವಾಗ ಹೇಳುವ ಮಾತು ಹೀಗಿದೆ: ಒಣದ್ರಾಕ್ಷಿ ತನ್ನ ಎದೆಯಲ್ಲಿ ವೈನ್ ಇಟ್ಟುಕೊಂಡ ಹಾಗೆ, ಆಲಿವ್ ಕಾಯಿ ತನ್ನ ಎದೆಯಲ್ಲಿ ಎಣ್ಣೆ ಇಟ್ಟುಕೊಂಡ ಹಾಗೆ, ನೀನೂ ರಾಜನಿಗೆ, ನಾಡಿಗೆ ಒಳ್ಳೆಯದನ್ನು ಎದೆಯಲ್ಲಿ ಇಟ್ಟುಕೋ.

ಕಾಕಾ ಕುಡಿಯುವವರಲ್ಲ. ಜೀವನದಲ್ಲಿ ಮುಟ್ಟಿಲ್ಲ. ಆದರೆ ಆ ಮಾತು ಕೇಳಿ, ಪೊಟ್ಟಣದಿಂದ ಒಂದು ಮಣೂಕ ತೆಗೆದು ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಲೇ ಇದ್ದರು. “ನಲವತ್ತ ವರ್ಷ ಮಾಡೀನಿ. ಇದಕ್ಕ ಎದಿ ಅದ ಅಂತ ಯಾರೂ ಹೇಳಿದ್ದಿಲ್ಲ.”

ಆರನೇ ದಿನ: ಬೋರ್, ಇವ್ರಿಜ್

ನಿಗ್ದೆ ದಾಟಿ ಬೋರ್, ಅದರ ಪಕ್ಕ ಕೆಮೆರ್‌ಹಿಸಾರ್. ಇದೇ ಹಳೆಯ ತುವಾನ. ಹತ್ತುಸಾ ಹಾಳಾಗಿ ನಾನೂರು ವರ್ಷವಾದ ಮೇಲೂ, ಕ್ರಿ.ಪೂ. 8ನೇ ಶತಮಾನದಲ್ಲಿ, ಇಲ್ಲಿ ಹಿಟ್ಟೈಟ್ ಸಂಪ್ರದಾಯದ ಸಣ್ಣ ರಾಜ್ಯ ಇತ್ತು. ರಾಜನ ಹೆಸರು ವರ್ಪಲವಾಸ್. ಬೋರ್‌ನಲ್ಲಿ ಸಿಕ್ಕಿದ ಕಲ್ಲಿನಲ್ಲಿ ಅವನೇ ಹೇಳಿಕೊಂಡಿದ್ದಾನೆ, ಅರಮನೆಯಲ್ಲಿ ಹುಡುಗನಾಗಿದ್ದಾಗಲೇ ದ್ರಾಕ್ಷಿ ತೋಟ ಹಾಕಿದೆ ಅಂತ. ಗೆದ್ದ ಯುದ್ಧಗಳ ಪಟ್ಟಿ ಕೊಡುವ ರಾಜರು ಬೇಕಾದಷ್ಟು ಸಿಗುತ್ತಾರೆ. ಚಿಕ್ಕವನಿದ್ದಾಗ ಬಳ್ಳಿ ನೆಟ್ಟೆ ಎಂದು ಕಲ್ಲಿನಲ್ಲಿ ಕೊರೆಸಿದವನನ್ನು ನಾನು ಬೇರೆ ಕಂಡಿಲ್ಲ. ಆ ಕಾಲಕ್ಕೆ ಗುಡುಗಿನ ದೇವರು ತರ್ಹುಂಜಾನಿಗೆ ‘ದ್ರಾಕ್ಷಿ ತೋಟದ ತರ್ಹುಂಜಾ’ ಎಂಬ ರೂಪವೇ ಇತ್ತು.

ಆ ದೇವರನ್ನು ನೋಡಲು ಎರೆಗ್ಲಿ ಹತ್ತಿರದ ಇವ್ರಿಜ್‌ಗೆ ಹೋದೆವು. ಬೆಟ್ಟದ ಬುಡ, ವಾಲ್‌ನಟ್ ಮರಗಳು, ಕಲ್ಲಿನಡಿಯಿಂದ ಉಕ್ಕುವ ನೀರು. ಸದ್ದು ಮೊದಲು ಕೇಳುತ್ತದೆ, ಆಮೇಲೆ ದೇವರು ಕಾಣುತ್ತಾನೆ.

ಬಂಡೆಯ ಮೇಲೆ ನಾಲ್ಕು ಮೀಟರಿಗೂ ಎತ್ತರದ ತರ್ಹುಂಜಾ. ಕೊಂಬಿನ ಟೋಪಿ, ಸುರುಳಿ ಗಡ್ಡ, ತುದಿ ಮೇಲಕ್ಕೆ ಬಾಗಿದ ಚಪ್ಪಲಿ. ಮೀನಖಂಡದ ಮಾಂಸ ಉಬ್ಬಿದೆ, ಹೊಲದಲ್ಲಿ ನಡೆದವನ ಕಾಲು. ಒಂದು ಕೈಯಲ್ಲಿ ಗೋಧಿ ತೆನೆ, ಇನ್ನೊಂದರಲ್ಲಿ ದ್ರಾಕ್ಷಿ ಗೊನೆ. ಎದುರಿಗೆ ಅವನ ಅರ್ಧದಷ್ಟು ಎತ್ತರದ ವರ್ಪಲವಾಸ್, ಕಸೂತಿಯ ಬಟ್ಟೆ ಉಟ್ಟು ಕೈ ಮುಗಿದ ಹಾಗೆ ನಿಂತಿದ್ದಾನೆ. ಕತ್ತಿ ಇಲ್ಲ, ಬಿದ್ದ ಶತ್ರು ಇಲ್ಲ. ದೇವರು ತಂದದ್ದು ರೊಟ್ಟಿ ಮತ್ತು ಹಣ್ಣು.

ಕಲ್ಲಿನಲ್ಲಿ ಕೊರೆದ ಗೊನೆಯ ಕಾಳುಗಳು ಗುಂಡಗೆ, ತುಂಬಿಕೊಂಡು, ಒಂದಕ್ಕೊಂದು ಒತ್ತಿಕೊಂಡಿವೆ. ಕಾಕಾ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. “ಕೊಯ್ಲಿಗೆ ಬಂದದ. ಇನ್ನ ಒಂದ ವಾರ ಬಿಡಬಾರದು,” ಅಂದರು.

ಆಮೇಲೆ ಚಪ್ಪಲಿ ಬಿಟ್ಟು ಹಳ್ಳಕ್ಕೆ ಇಳಿದರು. ಮುಖ ತೊಳೆದುಕೊಂಡರು, ಬೊಗಸೆ ತುಂಬ ಕುಡಿದರು. ನೀರು ದೇವರ ಕಾಲಿನ ಕೆಳಗಿಂದ ಹೊರಟು ಕಾಲುವೆ ಸೇರಿ ಊರ ತೋಟಗಳ ಕಡೆ ಹರಿಯುತ್ತಿತ್ತು.

“ಇದು ಎಲ್ಲಿ ತನಕ ಹೋಗ್ತದ?”

“ಎರೆಗ್ಲಿ ಬಯಲಿಗೆ, ಕಾಕಾ. ತೋಟಕ್ಕೆ.”

“ನಡಿ, ನೋಡೂಣು,” ಅಂದವರೇ ಚಪ್ಪಲಿ ಕೈಯಲ್ಲಿ ಹಿಡಿದು ಕಾಲುವೆ ಗುಂಟ ಹೊರಟರು. ಕಾರು ಅಲ್ಲೇ ಬಿಟ್ಟು ನಾನೂ ಹಿಂದೆ ನಡೆದೆ.